ಒಂದು ಯಂತ್ರ, ಹಲವು ಬಿಡಾರ
ಶೆಲ್ ಆಜ್ಞೆಗಳಿಂದ ಕಂಟೈನರ್ ಕಟ್ಟುವ ಪಾಠ

ನಮ್ಮ ವಾಚನಾಲಯದ ಕಂಪ್ಯೂಟರು ಒಂದೇ ಎಂಬುದು ವಾಚಕರಿಗೆ ತಿಳಿದದ್ದೇ. ಸದಸ್ಯರೊಬ್ಬರು ದಾನವಾಗಿ ಕೊಟ್ಟ ಹಳೆಯ ಯಂತ್ರ. ನಾಲ್ಕು ಜಿಬಿ ಮೆಮೊರಿ. ಡೆಬಿಯನ್ ಲಿನಕ್ಸ್ ಹಾಕಿದೆ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಅದರಲ್ಲೇ, ಭಾನುವಾರದ ಮಕ್ಕಳ ತರಗತಿಯೂ ಅದರಲ್ಲೇ. ಮಕ್ಕಳು ಮನೆಯಿಂದ ತಂದ ಲ್ಯಾಪ್‌ಟಾಪುಗಳಿಂದ ತಂತಿಯ ಮೂಲಕ ಈ ಯಂತ್ರದೊಳಗೆ ಬಂದು ಶೆಲ್ ಆಜ್ಞೆಗಳನ್ನು ಅಭ್ಯಾಸ ಮಾಡುತ್ತಾರೆ.

ಈಚೆಗೆ ಒಂದು ಭಾನುವಾರ ಹತ್ತನೆಯ ತರಗತಿಯ ಹುಡುಗನೊಬ್ಬ ಎರಡು ಸಾಲಿನ ಸ್ಕ್ರಿಪ್ಟ್ ಬರೆದ. ಅದರ ಕೆಲಸ ಇಷ್ಟೆ: ತನ್ನನ್ನೇ ತಾನು ಎರಡು ಸಲ ಕರೆಯುವುದು. ಒಂದು ಎರಡಾಯಿತು, ಎರಡು ನಾಲ್ಕಾಯಿತು, ರಕ್ತಬೀಜಾಸುರನಂತೆ ಬೆಳೆಯುತ್ತಲೇ ಹೋಯಿತು. ಅತ್ತ ಮೇಜಿನ ಬಳಿ ಪುಸ್ತಕದ ಲೆಕ್ಕ ಬರೆಯುತ್ತಿದ್ದ ರಾಯರ ಪರದೆ ಕಲ್ಲಾಗಿ ನಿಂತಿತು. ಸ್ವಿಚ್ಚು ಆರಿಸದೆ ಗತ್ಯಂತರವಿರಲಿಲ್ಲ. ಆ ಬೆಳಗಿನ ಇಪ್ಪತ್ತೇಳು ಪುಸ್ತಕಗಳ ಲೆಕ್ಕ ಹೋಯಿತು.

"ಸಾರ್, ನಾನು ಬರೆದದ್ದು ಎರಡೇ ಸಾಲು" ಎಂದು ಹುಡುಗ ಅಳುಮುಖ ಮಾಡಿದ. ರಾಯರು ಅವನನ್ನು ಗದರಿಸಲಿಲ್ಲ, ನಮ್ಮನ್ನು ಕೇಳಿದರು: "ಮಕ್ಕಳು ಕಲಿಯಲಿ ಕಣಯ್ಯಾ, ಬೇಡವೆನ್ನುವುದಿಲ್ಲ. ಆದರೆ ಹೋದ ಪುಸ್ತಕಕ್ಕೆ ಲೆಕ್ಕ ಯಾರು ಕೊಡುತ್ತಾರೆ?" ಮುಂದಿನ ಸಭೆಯಲ್ಲಿ ತರಗತಿಯನ್ನೇ ನಿಲ್ಲಿಸಬೇಕೆಂಬ ಸೂಚನೆ ಬಂತು. ನಾವು ಒಂದು ತಿಂಗಳ ಅವಧಿ ಬೇಡಿದೆವು. ಆ ತಿಂಗಳಲ್ಲಿ ಕಲಿತು ಕಟ್ಟಿದ್ದನ್ನೇ ಈ ಪಾಠದಲ್ಲಿ ಹೇಳುತ್ತೇವೆ. ನಾವು ಇಂಜಿನಿಯರರಲ್ಲ, ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು, ಮೆಟ್ರಿಕ್ ದಾಟಿ ಓದಿದವರಲ್ಲ. ನಮಗೆ ಆದದ್ದು ವಾಚಕರಿಗೂ ಆಗದಿರಲಾರದು.

ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಅಚ್ಚುಹಾಕಿದೆ. ಯಂತ್ರಕ್ಕೆ ಅವನ್ನು ರೋಮನ್ ಲಿಪಿಯಲ್ಲೇ ಕೊಡಬೇಕು. ಹಾಗೆ ಬರೆದ ಹಾಳೆಯನ್ನು ವಾಚನಾಲಯದ ಸೂಚನಾ ಫಲಕಕ್ಕೆ ಅಂಟಿಸಿದ್ದೇವೆ. ಆದರೆ ಫೋಲ್ಡರುಗಳ ಮತ್ತು ಸ್ಕ್ರಿಪ್ಟುಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. ಲಿನಕ್ಸ್ ಅದಕ್ಕೆ ಅಡ್ಡಿ ಮಾಡುವುದಿಲ್ಲ. ನಾವೂ ಹಾಗೆಯೇ ಇಟ್ಟಿದ್ದೇವೆ.

ಪೆಟ್ಟಿಗೆಯೋ, ಬಿಡಾರವೋ?

ಕಂಟೈನರ್ ಎಂದೊಡನೆ ಚೆನ್ನೈಯವರಿಗೆ ನೆನಪಾಗುವುದು ರಾಯಪುರದ ಕಡೆ ಸಾಲುಗಟ್ಟಿ ನಿಲ್ಲುವ ಲಾರಿಗಳು, ಅವುಗಳ ಮೇಲಿನ ಕಬ್ಬಿಣದ ಪೆಟ್ಟಿಗೆಗಳು. ನಮ್ಮ ಬಂದರಿನಲ್ಲಿ ಆ ಪೆಟ್ಟಿಗೆಗಳಿಗೆಂದೇ ಪ್ರತ್ಯೇಕ ನೆಲೆ ಆದದ್ದು 1983ರಲ್ಲಿ. ಒಳಗೆ ಏನಿದ್ದರೇನು, ಹೊರ ಅಳತೆ ಒಂದೇ; ಆದುದರಿಂದ ಹಡಗು, ರೈಲು, ಲಾರಿ ಎಲ್ಲದರ ಮೇಲೂ ಕೂರುತ್ತದೆ. ಕಂಪ್ಯೂಟರಿನವರು ಈ ಗುಣವನ್ನು ಮೆಚ್ಚಿ ಹೆಸರನ್ನು ಎರವಲು ತಂದರು.

ಆದರೆ ಕಲಿಯುವವನಿಗೆ ಈ ಚಿತ್ರ ದಾರಿ ತಪ್ಪಿಸುತ್ತದೆ. ಕಂಪ್ಯೂಟರಿನ ಕಂಟೈನರಿಗೆ ಕಬ್ಬಿಣದ ಗೋಡೆಯಿಲ್ಲ. ನಮ್ಮ ಊರುಗಳ ವಠಾರವನ್ನು ನೆನೆಯಿರಿ. ಇಲ್ಲಿಯ ತಿರುವಲ್ಲಿಕ್ಕೇಣಿ, ಮೈಲಾಪುರಗಳಲ್ಲಿ ಹಿರಿಯರು 'ಸ್ಟೋರ್' ಎಂದು ಕರೆಯುತ್ತಿದ್ದ ಮನೆಗಳನ್ನು ನೆನೆಯಿರಿ. ಬೀದಿಬಾಗಿಲು ಒಂದು, ಬಾವಿ ಒಂದು, ಮನೆಯೊಡೆಯ ಒಬ್ಬ. ಒಳಗೆ ಎಂಟು ಹತ್ತು ಸಂಸಾರಗಳು, ಒಂದೊಂದಕ್ಕೆ ಒಂದೊಂದು ಬಿಡಾರ. ಲಿನಕ್ಸಿನ ನಡುಭಾಗವಾದ ಕರ್ನಲ್ ಎಂಬುದೇ ಆ ಮನೆಯೊಡೆಯ. ಕಂಟೈನರ್ ಎಂದರೆ ಬೇರೆ ಯಂತ್ರವಲ್ಲ, ಬೇರೆ ಕರ್ನಲೂ ಅಲ್ಲ. ನಡೆಯುತ್ತಿರುವ ಒಂದು ಕೆಲಸದ ವಿಷಯದಲ್ಲಿ ಮೂರು ಪ್ರಶ್ನೆಗಳಿಗೆ ಕರ್ನಲ್ ಕೊಡುವ ಉತ್ತರ, ಅಷ್ಟೆ:

ಅದಕ್ಕೆ ಏನು ಕಾಣಬೇಕು? ಅದು ಏನನ್ನು ಬದಲಿಸಬಹುದು? ಅದು ಎಷ್ಟನ್ನು ಬಳಸಬಹುದು?

ಮೂರಕ್ಕೂ ಉತ್ತರ ಕೊಡುವ ಆಜ್ಞೆಗಳು ಸಾಮಾನ್ಯ ಲಿನಕ್ಸಿನಲ್ಲಿ ಮೊದಲೇ ಇವೆ. ಒಂದರ ಹಿಂದೊಂದು ಪೋಣಿಸುವುದಷ್ಟೇ ನಮ್ಮ ಕೆಲಸ.

ಮೊದಲನೆಯ ಮೆಟ್ಟಿಲು: ಬೇರೆ ಬುಡ

'ಬಿಡಾರ' ಎಂಬ ಫೋಲ್ಡರಿನಲ್ಲಿ 'ಮೂಲ' ಎಂಬ ಫೋಲ್ಡರು, ಅದರೊಳಗೆ 'ಬಿನ್', 'ಪ್ರೋಕ್', 'ಡೆವ್' ಮತ್ತು 'ಅಭ್ಯಾಸ' ಎಂಬ ನಾಲ್ಕು ಫೋಲ್ಡರುಗಳನ್ನು ಮಾಡಿಕೊಳ್ಳಿ. ಬಿಡಾರಕ್ಕೆ ಬೇಕಾದ ಪಾತ್ರೆಪಡಗವೆಲ್ಲ ಒಂದೇ ಫೈಲಿನಲ್ಲಿ ಸಿಗುತ್ತದೆ. ಅದರ ಹೆಸರು ಬ್ಯುಸಿಬಾಕ್ಸ್. ಡೆಬಿಯನ್ನಿನಲ್ಲಿ 'ಬ್ಯುಸಿಬಾಕ್ಸ್-ಸ್ಟ್ಯಾಟಿಕ್' ಎಂಬ ಕಟ್ಟನ್ನು ಹಾಕಿಕೊಳ್ಳಿ. ಅದು ಬೇರೆ ಯಾವ ಲೈಬ್ರರಿ ಫೈಲಿನ ಹಂಗೂ ಇಲ್ಲದೆ ನಡೆಯುತ್ತದೆ. ಅದನ್ನು 'ಬಿನ್' ಒಳಗೆ ನಕಲು ಮಾಡಿ, 'ಬ್ಯುಸಿಬಾಕ್ಸ್ --ಲಿಸ್ಟ್' ಕೊಡುವ ಪ್ರತಿಯೊಂದು ಹೆಸರಿಗೂ 'ಎಲ್‌ಎನ್ -ಎಸ್' ಆಜ್ಞೆಯಿಂದ ಒಂದೊಂದು ಕೊಂಡಿ ಹಾಕಿ. 'ಅಭ್ಯಾಸ'ದಲ್ಲಿ ಹತ್ತು ಪುಸ್ತಕಗಳ ಹೆಸರಿರುವ 'ಪಟ್ಟಿ' ಎಂಬ ಫೈಲನ್ನು ಇಡಿ. ಅದು ಮುಂದೆ ಬೇಕಾಗುತ್ತದೆ.

ಈಗ ಯಜಮಾನ ಬಳಕೆದಾರನಾಗಿ, ಎಂದರೆ 'ರೂಟ್' ಆಗಿ, 'ಸಿಎಚ್‌ರೂಟ್ ಮೂಲ /ಬಿನ್/ಎಸ್‌ಎಚ್' ಎಂದು ಆಜ್ಞಾಪಿಸಿ. ಹೊಸ ಶೆಲ್ ತೆರೆಯುತ್ತದೆ. ಅದಕ್ಕೆ 'ಮೂಲ' ಎಂಬ ಫೋಲ್ಡರೇ ಜಗತ್ತಿನ ಬುಡ. ಅದರಾಚೆಗೆ ಏನಿದೆಯೆಂಬುದು ಕಾಣದು. ಈ ಆಜ್ಞೆ ಹೊಸದಲ್ಲ. 1979ರ ಯೂನಿಕ್ಸ್ ಏಳನೆಯ ಆವೃತ್ತಿಯ ಕಾಲದ್ದು.

ಇಷ್ಟಕ್ಕೇ ಬಿಡಾರವಾಯಿತೆ? ಇಲ್ಲ. ಒಳಗೆ 'ಮೌಂಟ್ -ಟಿ ಪ್ರೋಕ್ ಪ್ರೋಕ್ /ಪ್ರೋಕ್' ಎಂದು ಹೇಳಿ, 'ಪಿಎಸ್' ಆಜ್ಞೆ ಕೊಟ್ಟು ನೋಡಿ. ಯಂತ್ರದಲ್ಲಿ ನಡೆಯುವ ಕೆಲಸಗಳೆಲ್ಲ ಕಾಣುತ್ತವೆ, ರಾಯರ ಲೆಕ್ಕದ ಕೆಲಸವೂ ಸೇರಿ. ಕಂಡದ್ದನ್ನು ಕೊಲ್ಲಲೂಬಹುದು. ಇದು ಸೀರೆ ಮರೆಕಟ್ಟಿದ ಕೋಣೆ. ಬಾಗಿಲೂ ಇಲ್ಲ, ಗೋಡೆಯೂ ಇಲ್ಲ.

ಎರಡನೆಯ ಮೆಟ್ಟಿಲು: ಬೇರೆ ಒಲೆ

ಕೂಡುಕುಟುಂಬದಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಬೇರೆ ಒಲೆ ಹೂಡಿದರು ಎನ್ನುತ್ತೇವಷ್ಟೆ. ಲಿನಕ್ಸಿನಲ್ಲಿ ಆ ಕೆಲಸದ ಆಜ್ಞೆಯ ಹೆಸರು 'ಅನ್‌ಷೇರ್'. ಸಮಾನವಾಗಿ ಹಂಚಿಕೊಂಡಿದ್ದ ಒಂದು ನೋಟವನ್ನು ಬಿಟ್ಟು, ಸ್ವಂತ ನೋಟವನ್ನು ಪಡೆಯುವುದು. ಇಂಥ ನೋಟಕ್ಕೆ ನೇಮ್‌ಸ್ಪೇಸ್ ಎಂದು ಹೆಸರು. ಲಿನಕ್ಸಿಗೆ ಮೊದಲು ಬಂದದ್ದು ಮೌಂಟುಗಳ ನೇಮ್‌ಸ್ಪೇಸ್, 2002ರಲ್ಲಿ. ಕೆಲಸಗಳ ಕ್ರಮಸಂಖ್ಯೆಯದು 2008ರ ಜನವರಿಯ 2.6.24ನೆಯ ಕರ್ನಲಿನಲ್ಲಿ. ನಾವು ಬೇಡುವುದು ಐದನ್ನು: ಮೌಂಟುಗಳು, ಯಂತ್ರದ ಹೆಸರು, ಕೆಲಸಗಳ ನಡುವಣ ಸಂದೇಶ, ಜಾಲ, ಕ್ರಮಸಂಖ್ಯೆ. ಆಜ್ಞೆ ಹೀಗೆ:

ಅನ್‌ಷೇರ್ --ಮೌಂಟ್ --ಯುಟಿಎಸ್ --ಐಪಿಸಿ --ನೆಟ್ --ಪಿಐಡಿ --ಫೋರ್ಕ್

ಕೊನೆಯ ಮಾತಿನಲ್ಲಿ ನಾವು ಎಡವಿದೆವು, ಅದನ್ನು ಹೇಳಬೇಕು. '--ಫೋರ್ಕ್' ಅನಾವಶ್ಯಕವೆಂದು ಬಿಟ್ಟಿದ್ದೆವು. ಒಳಗಿನ ಮೊದಲ ಆಜ್ಞೆ ನಡೆಯಿತು. ಎರಡನೆಯದಕ್ಕೆ 'ಮೆಮೊರಿ ಒದಗಿಸಲಾಗದು' ಎಂಬ ಉತ್ತರ ಬಂತು. ಮೆಮೊರಿ ಹಲಗೆಯೇ ಕೆಟ್ಟಿದೆಯೆಂದು ಒಂದು ಸಂಜೆಯೆಲ್ಲ ಯಂತ್ರವನ್ನು ಬಿಚ್ಚಿ ಧೂಳು ಒರೆಸಿದೆವು. ಮೆಮೊರಿ ಸರಿಯಾಗಿಯೇ ಇತ್ತು. ಹೊಸ ಕ್ರಮಸಂಖ್ಯೆ ದೊರೆಯುವುದು ಅನ್‌ಷೇರ್ ಮಾಡಿದವನಿಗಲ್ಲ, ಅವನ ಮಕ್ಕಳಿಗೆ. ಹುಟ್ಟಿದ ಮೊದಲ ಮಗು ಒಂದನೆಯ ಸಂಖ್ಯೆಯದಾಗುತ್ತದೆ, ಎಂದರೆ ಆ ಬಿಡಾರದ ಯಜಮಾನ. ನಮ್ಮ ಮೊದಲ ಆಜ್ಞೆಯೇ ಯಜಮಾನನಾಗಿ ಹುಟ್ಟಿ, ಕೆಲಸ ಮುಗಿಸಿ ಸತ್ತಿತ್ತು. ಯಜಮಾನನಿಲ್ಲದ ಬಿಡಾರದಲ್ಲಿ ಹೊಸ ಮಗು ಹುಟ್ಟಲು ಕರ್ನಲ್ ಬಿಡುವುದಿಲ್ಲ. '--ಫೋರ್ಕ್' ಹಾಕಿದರೆ ಶೆಲ್ಲೇ ಮೊದಲ ಮಗುವಾಗಿ ಕೊನೆಯವರೆಗೂ ಇರುತ್ತದೆ.

ಇದೇ ನಿಯಮದಿಂದ ಒಂದು ಲಾಭವೂ ಉಂಟು. ಒಂದನೆಯ ಸಂಖ್ಯೆಯ ಕೆಲಸ ಮುಗಿದೊಡನೆ ಆ ಬಿಡಾರದ ಉಳಿದ ಕೆಲಸಗಳನ್ನೆಲ್ಲ ಕರ್ನಲೇ ಮುಗಿಸುತ್ತದೆ. ಹುಡುಗ ಹೊರಗೆ ಬಂದನೆಂದರೆ ಅವನ ಹಿಂದೆ ಏನೂ ಉಳಿಯದು.

ಈಗ ಒಳಗೆ 'ಪ್ರೋಕ್' ಅನ್ನು ಹೊಸದಾಗಿ ಮೌಂಟ್ ಮಾಡಿ 'ಪಿಎಸ್' ಎಂದರೆ ಎರಡೇ ಸಾಲು: ಶೆಲ್ ಒಂದು, 'ಪಿಎಸ್' ಒಂದು. ರಾಯರ ಲೆಕ್ಕ ಕಾಣುವುದಿಲ್ಲ, ಕಾಣದ್ದನ್ನು ಕೊಲ್ಲಲಾಗದು. ಜಾಲವೂ ಇಲ್ಲ, ಹೊರಗಿನ ತಂತಿಗೆ ಜೋಡಿಸುವುದು ಬೇರೆಯೇ ಪಾಠ.

ಮೂರನೆಯ ಮೆಟ್ಟಿಲು: ಎಣ್ಣೆಕಾಗದ

ಹತ್ತು ಮಕ್ಕಳಿಗೆ 'ಮೂಲ'ದ ಹತ್ತು ನಕಲು ಮಾಡಬಹುದು. ಆದರೆ ಸ್ಥಳ ದಂಡ. ಭೂಪಟದ ಮೇಲೆ ಎಣ್ಣೆಕಾಗದ ಹಾಸಿ ಗೆರೆ ಎಳೆದದ್ದು ನೆನಪಿದೆಯಲ್ಲವೆ? ಕೆಳಗಿನ ಪಟ ಕಾಣುತ್ತದೆ. ಬರೆದದ್ದು ಮಾತ್ರ ಮೇಲಿನ ಕಾಗದದಲ್ಲಿ. 2014ರ ಡಿಸೆಂಬರಿನ 3.18ನೆಯ ಕರ್ನಲಿಗೆ ಸೇರಿದ ಓವರ್‌ಲೇ ಎಂಬ ವ್ಯವಸ್ಥೆ ಇದನ್ನೇ ಮಾಡುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಮೂರು ಖಾಲಿ ಫೋಲ್ಡರು: ಬರೆದದ್ದು ನಿಲ್ಲುವ 'ಮೇಲು', ಕರ್ನಲ್ ತನ್ನ ಒಳಕೆಲಸಕ್ಕೆ ಬಳಸುವ 'ಕೆಲಸ', ಎರಡೂ ಕೂಡಿ ಕಾಣುವ 'ಮನೆ'. 'ಮೇಲು' ಮತ್ತು 'ಕೆಲಸ' ಒಂದೇ ಡಿಸ್ಕ್ ಭಾಗದಲ್ಲಿರಬೇಕು.

ಮೌಂಟ್ -ಟಿ ಓವರ್‌ಲೇ ಓವರ್‌ಲೇ -ಓ ಲೋವರ್‌ಡಿರ್=ಮೂಲ,ಅಪ್ಪರ್‌ಡಿರ್=ಮೇಲು,ವರ್ಕ್‌ಡಿರ್=ಕೆಲಸ ಮನೆ

ಬಿಡಾರದೊಳಗಿನಿಂದ 'ಅಭ್ಯಾಸ'ದ 'ಪಟ್ಟಿ'ಯನ್ನು ಅಳಿಸಿ. ಒಳಗೆ ಅದು ಇಲ್ಲವಾಯಿತು. ಹೊರಗೆ ಬಂದು 'ಮೂಲ'ದಲ್ಲಿ ನೋಡಿ. ಹತ್ತು ಹೆಸರೂ ಹಾಗೆಯೇ ಇವೆ. ಹಾಗಾದರೆ ಅಳಿಸಿದ್ದು ಏನನ್ನು? 'ಮೇಲು' ಫೋಲ್ಡರಿನಲ್ಲಿ ಅದೇ ಹೆಸರಿನ ಒಂದು ವಿಶೇಷ ಗುರುತು ಹುಟ್ಟಿದೆ. ಲೆಡ್ಜರಿನಲ್ಲಿ ತಪ್ಪಿದ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸುವಂತೆ, 'ಇದು ಇಲ್ಲವೆಂದು ತಿಳಿಯತಕ್ಕದ್ದು' ಎಂಬ ಗುರುತು ಅದು. ವಿದ್ಯಾರ್ಥಿ ಹೊರಗೆ ಬಂದ ಮೇಲೆ 'ಮೇಲು' ಮತ್ತು 'ಕೆಲಸ' ಫೋಲ್ಡರುಗಳನ್ನು ಬರಿದು ಮಾಡಿದರೆ ಬಿಡಾರ ಮತ್ತೆ ಹೊಸದು. ಎರಡನೆಯ ಪ್ರಶ್ನೆಗೆ ಉತ್ತರವಾಯಿತು.

ನಾಲ್ಕನೆಯ ಮೆಟ್ಟಿಲು: ಬಾವಿಯ ಪಾಳಿ

ರಕ್ತಬೀಜಾಸುರನಿಗೆ ಮದ್ದು ಇನ್ನೂ ಆಗಿಲ್ಲ. ಗೋಡೆ ಎಷ್ಟೇ ಎತ್ತರವಿರಲಿ, ಬಾವಿ ಒಂದೇ. ಒಬ್ಬನೇ ನೀರೆಲ್ಲ ಸೇದಿದರೆ ಉಳಿದವರಿಗೆ ಕೆಸರು. ಬಾವಿಗೆ ಪಾಳಿ ಕಟ್ಟುವ ಏರ್ಪಾಟಿಗೆ ಕಂಟ್ರೋಲ್ ಗ್ರೂಪ್, ಚಿಕ್ಕದಾಗಿ ಸಿಗ್ರೂಪ್ ಎಂದು ಹೆಸರು.

ಇದರ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. 2006ರಲ್ಲಿ ಗೂಗಲ್ ಕಂಪೆನಿಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಇದರ ಬುನಾದಿ ಹಾಕಿದರು; ಅದು 2.6.24ನೆಯ ಕರ್ನಲಿಗೆ ಸೇರಿತು. ಆದರೆ ಬುನಾದಿ ಗುಂಪು ಕಟ್ಟುತ್ತದೆಯೇ ಹೊರತು ಅಳೆಯುವುದಿಲ್ಲ. ಅಳೆಯಲು ಒಂದೊಂದು ವಸ್ತುವಿಗೆ ಒಂದೊಂದು ಕೊಳಗ ಬೇಕು. ಪ್ರೊಸೆಸರಿನ ಸಮಯವನ್ನು ಗುಂಪುಗಳಿಗೆ ನ್ಯಾಯವಾಗಿ ಹಂಚುವ ಭಾಗದಲ್ಲಿ ಮುಖ್ಯ ಕೆಲಸ ಶ್ರೀವತ್ಸ ವಡ್ಡಗಿರಿ ಅವರದು. ಅವರು ಐಬಿಎಂ ಕಂಪೆನಿಯ ಬೆಂಗಳೂರಿನ ಲಿನಕ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರು. ಮೆಮೊರಿಯ ಕೊಳಗವನ್ನು ಅದೇ ಕಂಪೆನಿಯ ಭಾರತದ ವಿಭಾಗದ ಬಲಬೀರ್ ಸಿಂಗ್ ಅವರು, ಪಾವೆಲ್ ಎಮೆಲ್ಯಾನೊವ್ ಅವರ ಕೆಲಸವನ್ನೂ ಕೂಡಿಸಿಕೊಂಡು, ಸಿದ್ಧಪಡಿಸಿದರು. ಅದು 2008ರ ಏಪ್ರಿಲಿನ 2.6.25ನೆಯ ಕರ್ನಲಿನಲ್ಲಿ ಬಂತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಕಂಟೈನರಿಗೆ ಮೆಮೊರಿ ಮಿತಿ ಹಾಕಿದರೂ ಆ ಕೆಲಸದ ಮುಂದುವರಿಕೆಯೇ ನಡೆಯುವುದು. 2013ರ ಮಾರ್ಚಿಯಲ್ಲಿ ಡಾಕರ್ ಎಂಬ ಪ್ರಸಿದ್ಧ ಸಾಧನ ಬೆಳಕಿಗೆ ಬಂದಾಗ ಈ ಕೊಳಗಗಳು ಕರ್ನಲಿನಲ್ಲಿ ಐದು ವರ್ಷದಿಂದ ಇದ್ದವು.

ಬಳಸುವ ಕ್ರಮ ಸುಲಭ, ಏಕೆಂದರೆ ಎಲ್ಲವೂ ಫೈಲುಗಳೇ. 2016ರಿಂದ ಬಳಕೆಗೆ ಬಂದ ಎರಡನೆಯ ಪದ್ಧತಿಯಲ್ಲಿ '/ಸಿಸ್/ಎಫ್‌ಎಸ್/ಸಿಗ್ರೂಪ್' ಒಳಗೆ ಒಂದು ಫೋಲ್ಡರು ಮಾಡಿದರೆ ಅದೇ ಒಂದು ಗುಂಪು. ಅಳತೆಯ ಫೈಲುಗಳು ಅದರಲ್ಲಿ ತಾವಾಗಿಯೇ ಹುಟ್ಟುತ್ತವೆ. ಹುಟ್ಟದಿದ್ದರೆ, ಮೇಲಿನ ಫೋಲ್ಡರಿನ 'ಸಿಗ್ರೂಪ್.ಸಬ್‌ಟ್ರೀ_ಕಂಟ್ರೋಲ್' ಫೈಲಿಗೆ '+ಮೆಮೊರಿ +ಪಿಐಡಿಎಸ್ +ಸಿಪಿಯು' ಎಂದು ಬರೆಯಬೇಕು. ನಮ್ಮ ಅಳತೆ ಹೀಗಿದೆ:

'ಮೆಮೊರಿ.ಮ್ಯಾಕ್ಸ್' ಫೈಲಿಗೆ 200ಎಂ. ಎಂದರೆ 200 ಎಂಬಿ. ಮೀರಿದರೆ ಆ ಗುಂಪಿನೊಳಗಿನ ಕೆಲಸಕ್ಕೇ ಕತ್ತರಿ.
'ಮೆಮೊರಿ.ಸ್ವಾಪ್.ಮ್ಯಾಕ್ಸ್' ಫೈಲಿಗೆ 0.
'ಪಿಐಡಿಎಸ್.ಮ್ಯಾಕ್ಸ್' ಫೈಲಿಗೆ 64. ಏಕಕಾಲಕ್ಕೆ ಅಷ್ಟೇ ಕೆಲಸಗಳು.
'ಸಿಪಿಯು.ಮ್ಯಾಕ್ಸ್' ಫೈಲಿಗೆ 50000 100000. ಪ್ರತಿ ಲಕ್ಷ ಮೈಕ್ರೋಸೆಕೆಂಡಿನಲ್ಲಿ ಐವತ್ತು ಸಾವಿರ, ಎಂದರೆ ಒಂದು ಪ್ರೊಸೆಸರಿನ ಅರ್ಧ.

ಎರಡು ಬಾಗಿಲು

ಇನ್ನು ಪೋಣಿಸುವುದು. ನಾವು ಎರಡು ಸ್ಕ್ರಿಪ್ಟು ಮಾಡಿದ್ದೇವೆ.

'ಹೊರಬಾಗಿಲು':
1. ವಿದ್ಯಾರ್ಥಿಯ ಹೆಸರಿನಲ್ಲಿ ಸಿಗ್ರೂಪ್ ಫೋಲ್ಡರು ಮಾಡು.
2. ನಾಲ್ಕು ಅಳತೆಗಳನ್ನು ಬರೆ.
3. 'ಎಸ್‌ಎಚ್ -ಸಿ' ಯಿಂದ ಒಂದು ಮರಿ ಶೆಲ್ ತೆರೆ. ಅದು ತನ್ನ ಸಂಖ್ಯೆಯನ್ನು 'ಸಿಗ್ರೂಪ್.ಪ್ರೋಕ್ಸ್' ಫೈಲಿಗೆ ಬರೆದು, 'ಎಕ್ಸೆಕ್' ಮೂಲಕ ಮೇಲೆ ಹೇಳಿದ ಅನ್‌ಷೇರ್ ಆಜ್ಞೆಯಾಗಿ ಮಾರ್ಪಟ್ಟು, 'ಒಳಬಾಗಿಲು' ಸ್ಕ್ರಿಪ್ಟನ್ನು ನಡೆಯಿಸಲಿ.
4. ಎಲ್ಲ ಮುಗಿದ ಮೇಲೆ ಸಿಗ್ರೂಪ್ ಫೋಲ್ಡರನ್ನು ತೆಗೆ.

'ಒಳಬಾಗಿಲು':
1. ಓವರ್‌ಲೇ ಮೌಂಟ್ ಮಾಡು.
2. 'ಮನೆ/ಪ್ರೋಕ್' ಮೇಲೆ ಪ್ರೋಕ್ ಮೌಂಟ್ ಮಾಡು.
3. 'ಹೋಸ್ಟ್‌ನೇಮ್' ಆಜ್ಞೆಯಿಂದ ಬಿಡಾರಕ್ಕೆ ಹೆಸರಿಡು.
4. 'ಎಕ್ಸೆಕ್ ಸಿಎಚ್‌ರೂಟ್ ಮನೆ /ಬಿನ್/ಎಸ್‌ಎಚ್'.

ಮರಿ ಶೆಲ್ ಏತಕ್ಕೆ? 'ಹೊರಬಾಗಿಲು' ತಾನೇ ಗುಂಪಿನೊಳಗೆ ಸೇರಿದರೆ ಕೊನೆಯಲ್ಲಿ ಆ ಫೋಲ್ಡರನ್ನು ತೆಗೆಯಲಾಗದು. ತಾನು ಕುಳಿತ ಕೊಂಬೆಯನ್ನು ತಾನೇ ಕಡಿದಂತೆ. ಆದುದರಿಂದ ಮಗನನ್ನು ಒಳಗೆ ಕಳುಹಿಸಿ ತಾನು ಹೊರಗೆ ಕಾಯುತ್ತದೆ. ಮೌಂಟುಗಳೆಲ್ಲ ಒಳಬಾಗಿಲಿನಲ್ಲೇ ಆಗುವುದರಿಂದ ಬಿಡಾರ ಮುಚ್ಚಿದಾಗ ಅವೂ ತಾವಾಗಿಯೇ ಹೋಗುತ್ತವೆ.

ಇಷ್ಟೇ ಕಂಟೈನರ್ ನಡೆಯಿಸುವ ಯಂತ್ರ. 2015ರಲ್ಲಿ ಪೀಟರ್ ವಿಲ್ಮಾಟ್ ಎಂಬವರು ಡಾಕರಿನ ಮುಖ್ಯ ಕೆಲಸಗಳನ್ನು ಸುಮಾರು ನೂರು ಸಾಲಿನ ಶೆಲ್ ಸ್ಕ್ರಿಪ್ಟಿನಲ್ಲಿ ಮಾಡಿ ತೋರಿಸಿ, ಅದಕ್ಕೆ ಬಾಕರ್ ಎಂದು ಹೆಸರಿಟ್ಟರು. ನಮ್ಮದು ಅದಕ್ಕಿಂತಲೂ ಚಿಕ್ಕದು, ಅದರಷ್ಟು ಕೆಲಸ ಮಾಡುವುದೂ ಇಲ್ಲ.

ಎಲ್ಲಿಯವರೆಗೆ ನಂಬಬಹುದು?

ಇದನ್ನು ಮುಚ್ಚಿಡುವುದು ಸರಿಯಲ್ಲ. ಮೇಲಿನ ಕ್ರಮದಲ್ಲಿ ಬಿಡಾರದ ಒಳಗಿರುವವನೂ 'ರೂಟ್' ಆಗಿಯೇ ಇರುತ್ತಾನೆ. ಬಿಡಾರದವನ ಕೈಯಲ್ಲಿ ಮನೆಯೊಡೆಯನ ಬೀಗದ ಕೈ ಗೊಂಚಲನ್ನು ಇಟ್ಟಂತಾಯಿತು. ಬುದ್ಧಿವಂತನಾದರೆ ಅವನು ಡಿಸ್ಕನ್ನೇ ತೆರೆದು ಹೊರಗೆ ಬರಬಲ್ಲ. ಆದುದರಿಂದ ನಾವು ಪರೀಕ್ಷಿಸುವಾಗ ಮಾತ್ರ ಹೀಗೆ ಇಟ್ಟುಕೊಂಡು, ಮಕ್ಕಳಿಗೆ ಕೊಡುವ ಮುನ್ನ ಕೊನೆಯ ಸಾಲನ್ನು ತಿದ್ದಿದೆವು: 'ಸಿಎಚ್‌ರೂಟ್ --ಯೂಸರ್‌ಸ್ಪೆಕ್=2001:2001 ಮನೆ /ಬಿನ್/ಎಸ್‌ಎಚ್'. ಮೌಂಟುಗಳೆಲ್ಲ ಮುಗಿದ ಮೇಲೆ, ಒಳಗೆ ಕಾಲಿಡುವ ಕ್ಷಣದಲ್ಲಿ, ಅಧಿಕಾರವನ್ನು ಕಳಚಿ ಸಾಮಾನ್ಯ ಬಳಕೆದಾರನಾಗಿ ಹೋಗುವುದು ಇದರ ಅರ್ಥ. ಆ ಸಂಖ್ಯೆ ಯಂತ್ರದಲ್ಲಿ ಬೇರೆ ಯಾರದೂ ಆಗಿರಕೂಡದು. 'ಅಭ್ಯಾಸ' ಫೋಲ್ಡರು ಮತ್ತು ಅದರೊಳಗಿನ 'ಪಟ್ಟಿ' ಆ ಸಂಖ್ಯೆಯ ಸ್ವಾಧೀನದಲ್ಲಿರಬೇಕು. ಎರಡು ಬಾಗಿಲುಗಳ ಸ್ಕ್ರಿಪ್ಟನ್ನು ಮಕ್ಕಳು ತಿದ್ದುವಂತಿರಬಾರದು. 2013ರಿಂದ ಲಿನಕ್ಸಿನಲ್ಲಿ ಬಳಕೆದಾರರ ನೇಮ್‌ಸ್ಪೇಸೂ ಪೂರ್ಣವಾಗಿ ದೊರೆಯುತ್ತದೆ. ಒಳಗೆ ರೂಟ್, ಹೊರಗೆ ಸಾಮಾನ್ಯ ಎಂಬ ಏರ್ಪಾಟು ಅದು. ಅದನ್ನು ಮುಂದೆ ನೋಡೋಣ.

ಇಷ್ಟು ಮಾಡಿದರೂ ಕರ್ನಲ್ ಒಂದೇ. ಅದರಲ್ಲಿ ದೋಷವಿದ್ದರೆ ಎಲ್ಲ ಬಿಡಾರಕ್ಕೂ ಅಪಾಯ. ದೊಡ್ಡವರ ಸಾಧನಗಳಿಗೂ ಇದು ತಪ್ಪಿದ್ದಲ್ಲ. ಡಾಕರ್ ಮುಂತಾದವು ಬಳಸುವ ರನ್‌ಸಿ ಎಂಬ ಒಳಯಂತ್ರದಲ್ಲಿ 2019ರ ಫೆಬ್ರವರಿಯಲ್ಲಿ ಒಂದು ದೋಷ ಬಯಲಾಯಿತು: ಕಂಟೈನರಿನೊಳಗಿನ ರೂಟ್ ಹೊರಗಿರುವ ರನ್‌ಸಿ ಫೈಲನ್ನೇ ತಿದ್ದಿ ಯಂತ್ರವನ್ನು ವಶಮಾಡಿಕೊಳ್ಳಬಹುದಾಗಿತ್ತು. ನಮ್ಮ ಗೋಡೆ ಅಚಾತುರ್ಯವನ್ನು ತಡೆಯುತ್ತದೆ, ದ್ರೋಹವನ್ನಲ್ಲ. ಗುರುತಿಲ್ಲದವರ ಪ್ರೋಗ್ರಾಮನ್ನು ಇದರಲ್ಲಿ ನಡೆಯಿಸತಕ್ಕದ್ದಲ್ಲ.

ಪರೀಕ್ಷೆ

ಅವಧಿ ಮುಗಿಯುವ ಭಾನುವಾರ, ಸಭೆಯವರ ಎದುರಿಗೆ, ಅದೇ ಹುಡುಗನನ್ನು ಕರೆದು ಅದೇ ಎರಡು ಸಾಲನ್ನು ಬಿಡಾರದೊಳಗೆ ಬರೆಯಹೇಳಿದೆವು. ಅವನು ಹಿಂಜರಿದ. ರಾಯರೇ "ಬರಿಯೋ, ನೋಡೋಣ" ಎಂದರು. ಬರೆದ. ಕೆಲಸಗಳು ಅರವತ್ನಾಲ್ಕಕ್ಕೆ ಮುಟ್ಟಿ, ಮುಂದಕ್ಕೆ ಹುಟ್ಟಲಾರದೆ, ಅವನ ಪರದೆಯಲ್ಲಿ 'ಹೊಸದು ಆಗದು' ಎಂಬ ದೂರು ಸಾಲುಸಾಲಾಗಿ ಬಂತು. ಅದೇ ಹೊತ್ತಿಗೆ ರಾಯರು ಮೂರು ಪುಸ್ತಕಗಳ ಲೆಕ್ಕ ಬರೆದು ಮುಗಿಸಿದ್ದರು. ನಾವು ಹೊರಗಿನಿಂದ ಬಿಡಾರದ ಯಜಮಾನನನ್ನು ಕೊಂದೊಡನೆ ಎಲ್ಲವೂ ಶಾಂತವಾಯಿತು. ತರಗತಿ ನಿಲ್ಲಿಸುವ ಸೂಚನೆಯನ್ನು ತಂದವರೇ ಹಿಂದೆಗೆದುಕೊಂಡರು. ಹೋದ ಇಪ್ಪತ್ತೇಳು ಪುಸ್ತಕಗಳ ಪೈಕಿ ಇಪ್ಪತ್ತನಾಲ್ಕು ತಾವಾಗಿಯೇ ಹಿಂದಿರುಗಿವೆ. ಉಳಿದ ಮೂವರು ಇದನ್ನು ಓದಿದರೆ ದಯವಿಟ್ಟು ಮೇಜಿನ ಬಳಿ ತಿಳಿಸಬೇಕು.

ಅಭ್ಯಾಸ

1. ಅನ್‌ಷೇರ್ ಆಜ್ಞೆಯಲ್ಲಿ '--ಪಿಐಡಿ' ಇಟ್ಟು '--ಫೋರ್ಕ್' ಬಿಟ್ಟರೆ ಎರಡನೆಯ ಆಜ್ಞೆ ಏಕೆ ನಡೆಯದು? ನಿಮ್ಮ ಮಾತಿನಲ್ಲಿ ಬರೆಯಿರಿ.
2. 'ಪಟ್ಟಿ'ಗೆ ಒಳಗಿನಿಂದ ಹನ್ನೊಂದನೆಯ ಹೆಸರನ್ನು ಸೇರಿಸಿ. 'ಮೂಲ', 'ಮೇಲು' ಎರಡರಲ್ಲಿಯೂ ಏನು ಕಾಣುತ್ತದೆ?
3. ಸಿಗ್ರೂಪ್ ಬಿಟ್ಟು ಉಳಿದೆಲ್ಲ ಮೆಟ್ಟಿಲುಗಳನ್ನೂ ಇಟ್ಟುಕೊಂಡರೆ, ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಸಿಗದು?

ಮೂರನೆಯದನ್ನು ಬಾಯಲ್ಲಿ ಹೇಳಿದರೆ ಸಾಕು. ಯಂತ್ರದ ಮೇಲೆ ಮಾಡಿ ತೋರಿಸಬೇಕಾಗಿಲ್ಲ. ಉತ್ತರಗಳೊಡನೆ ಭಾನುವಾರ ಬೆಳಿಗ್ಗೆ ಬನ್ನಿ. ಬಿಡಾರಗಳು ಖಾಲಿ ಇವೆ, ಬಾಡಿಗೆಯಿಲ್ಲ.